‘ಕೋಂ’ ಎಂದು ಬರೆಯುವ ಮುನ್ನ



ಕಳೆದ ಜೂನ್‌ನಲ್ಲಿ ನಮ್ಮ ಶಾಲೆಗೆ ಮಗಳನ್ನು ಸೇರಿಸಲು ಒಬ್ಬ ತಾಯಿ ಬಂದಿದ್ದರು. ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಭ್ಯಾಸಬಲದಿಂದ ಹೆಸರಿನ ಹಿಂದೆ ‘ಶ್ರೀಮತಿ’ ಎಂದು ಬರೆದು, ಆಧಾರ್ ಕಾರ್ಡ್ ನೋಡಿ ‘ಕೋಂ’ ಎಂದು ಗಂಡನ ಹೆಸರನ್ನೂ ಸೇರಿಸಿಬಿಟ್ಟೆ. ಆಕೆ ಮೆಲ್ಲಗೆ, “ಟೀಚರ್, ನನ್ನ ಇದ್ದತ್ ಮುಗಿದು ಎರಡು ವರ್ಷ ಆಯ್ತು. ಆ ಹೆಸರು ಬೇಡವಾಗಿತ್ತು” ಎಂದರು.

“ಮತ್ತೇನು ಬರೆಯಲಿ?”

“ಅದೇ ಗೊತ್ತಾಗ್ತಿಲ್ಲ. ಕುಮಾರಿ ಅಂದ್ರೆ ನಗ್ತಾರೆ. ಶ್ರೀಮತಿ ಅಂದ್ರೆ ಯಾರ ಶ್ರೀಮತಿ ಅಂತ ಕೇಳ್ತಾರೆ.”

ಪಕ್ಕದ ಬೆಂಚಿನಲ್ಲಿ ಬೇರೆ ಪೋಷಕರು ಕುಳಿತಿದ್ದರು. ನನಗೆ ನಾಚಿಕೆಯಾಯಿತು. ಮದ್ರಸದಲ್ಲಿ ಓದಿದ ನಾನಾದರೂ ಕೇಳದೆ ಬರೆಯಬಾರದಿತ್ತು.

ಹಝ್ರತ್ ಖದೀಜಾ(ರ)ರನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ)ರನ್ನು ವಿವಾಹವಾಗುವ ಮೊದಲೇ ಅವರಿಗೆ ಮದುವೆಯಾಗಿತ್ತು. ಆದರೂ ಚರಿತ್ರೆ ಅವರನ್ನು ಖದೀಜಾ ಬಿಂತ್ ಖುವೈಲಿದ್ ಎಂದೇ ಕರೆಯುತ್ತದೆ. ಹ. ಝೈನಬ್(ರ)ರಿಗೆ ಹ. ಝೈದ್(ರ)ರಿಂದ ತಲಾಕ್ ಆಯಿತು, ಬಳಿಕ ಅವರು ಪ್ರವಾದಿ(ಸ)ರ ಪತ್ನಿಯಾದರು. ಆಗಲೂ ಅವರು ಝೈನಬ್ ಬಿಂತ್ ಜಹ್ಶ್. ಮದುವೆ, ತಲಾಕ್, ಮರುಮದುವೆ ಯಾವುದೂ ಆ ಹೆಸರನ್ನು ಅಲುಗಾಡಿಸಲಿಲ್ಲ.

ಇನ್ನು ಕುನ್ಯತ್, ಅಂದರೆ ಮಕ್ಕಳ ಹೆಸರಿನಿಂದ ಬರುವ ಗೌರವದ ಕರೆ. ಹ. ಉಮ್ಮು ಸಲಮಾ(ರ)ರ ನಿಜನಾಮ ಹಿಂದ್. ಸಲಮಾ ಅವರ ಮೊದಲ ಪತಿಯಿಂದ ಹುಟ್ಟಿದ ಮಗ. ಪ್ರವಾದಿ(ಸ)ರ ಮನೆಗೆ ಬಂದ ಮೇಲೂ ಅವರು ಉಮ್ಮು ಸಲಮಾ ಆಗಿಯೇ ಉಳಿದರು. ನನಗೆ ಇವರೆಲ್ಲರಿಗಿಂತ ಆಪ್ತವೆನಿಸುವುದು ಹ. ಆಯಿಶಾ(ರ)ರ ಪ್ರಸಂಗ. ಅವರಿಗೆ ಮಕ್ಕಳಿರಲಿಲ್ಲ. ಗೆಳತಿಯರಿಗೆಲ್ಲ ಕುನ್ಯತ್ ಇದೆ, ತನಗಿಲ್ಲ ಎಂದು ಅವರು ಪ್ರವಾದಿ(ಸ)ರಲ್ಲಿ ಹೇಳಿಕೊಂಡರು. ಅಕ್ಕ ಅಸ್ಮಾರ ಮಗ ಅಬ್ದುಲ್ಲಾನ ಹೆಸರಿನಲ್ಲಿ ಇಟ್ಟುಕೊಳ್ಳುವಂತೆ ಪ್ರವಾದಿ(ಸ)ರು ಸೂಚಿಸಿದರು. ಹಾಗೆ ಅವರು ಉಮ್ಮು ಅಬ್ದುಲ್ಲಾ ಆದರು. ನೋಡಿ, ಒಬ್ಬ ಹೆಣ್ಣುಮಗಳು ತನ್ನ ಬಿರುದನ್ನು ತಾನೇ ಕೇಳಿ ಪಡೆದಳು!

ಹಾಗಾದರೆ ಗಂಡನ ಹೆಸರು ಸೇರಿಸಿಕೊಳ್ಳುವುದು ತಪ್ಪೇ? ತಂದೆಯ ಹೆಸರಿನಿಂದಲೇ ಕರೆಯಬೇಕೆಂದು ಕುರ್‌ಆನ್ (33:5) ಆದೇಶಿಸುವುದು ವಂಶವನ್ನು ಕುರಿತು, ದತ್ತುಮಕ್ಕಳ ಸಂದರ್ಭದಲ್ಲಿ. ಗುರುತಿಗಾಗಿ ಗಂಡನ ಹೆಸರು ಸೇರಿಸಿದರೆ ವಂಶ ಬದಲಾಗದು ಎಂಬುದು ನನ್ನ ತಿಳಿವಳಿಕೆ. ನಮ್ಮ ಸಾರಾ ಅಬೂಬಕ್ಕರ್, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಇಬ್ಬರೂ ಪತಿಯ ಹೆಸರನ್ನು ಜೊತೆಗಿಟ್ಟುಕೊಂಡೇ ಬರೆದವರು. ನನ್ನ ತಕರಾರು ಹೆಸರಿನ ಬಗ್ಗೆ ಅಲ್ಲ, ಅವಳನ್ನು ಕೇಳದಿರುವುದರ ಬಗ್ಗೆ. ನಿಕಾಹ್‌ನಲ್ಲಿ ಇಂಥವರ ಮಗಳು ಎಂದೇ ವಧುವಿನ ಹೆಸರು ಹೇಳುತ್ತೇವೆ. ಮರುವಾರ ರೇಷನ್ ಕಾರ್ಡಿನಲ್ಲಿ ಅದು ಯಾರಪ್ಪಣೆಯಿಂದ ಬದಲಾಗುತ್ತದೆ? ನಮ್ಮ ಪಹಣಿಯಲ್ಲಿ ಗಂಡಸರಿಗೆ ಬರೆಯುವ ‘ಬಿನ್’ ಅರಬಿ ಪದವೇ. ಅದು ಉಳಿಯಿತು, ‘ಬಿಂತ್’ ಮಾತ್ರ ಎಲ್ಲೋ ಕಳೆದುಹೋಯಿತು.

ಇದರ ಕಷ್ಟ ತಿಳಿಯುವುದು ಸಂಬಂಧ ಮುರಿದಾಗ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಕೆಲಸಕ್ಕೆ ಅರ್ಜಿ ಹಾಕಲು ಹೋದ ಹೆಣ್ಣುಮಗಳು ಅಫಿದವಿತ್ ಹಿಡಿದು ಅಲೆಯಬೇಕು. 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದರು. ತವರಿನ ಹೆಸರಿಗೆ ಮರಳುವುದಾದರೆ ಗಂಡನ ಒಪ್ಪಿಗೆ ಪತ್ರ ಅಥವಾ ವಿಚ್ಛೇದನದ ಆದೇಶ ತರಬೇಕೆಂಬ ಸರಕಾರಿ ಅಧಿಸೂಚನೆಯನ್ನು ಅವರು ಪ್ರಶ್ನಿಸಿದರು. ಪಾಸ್‌ಪೋರ್ಟ್‌ನಲ್ಲಿ ಮಾತ್ರ ದಾರಿ ಮೊದಲೇ ಸುಗಮವಾಗಿತ್ತು. ವಿಚ್ಛೇದಿತರು ಮಾಜಿ ಪತಿಯ ಹೆಸರು ಬರೆಯಬೇಕಿಲ್ಲ, ಆದೇಶವನ್ನೂ ಲಗತ್ತಿಸಬೇಕಿಲ್ಲ ಎಂದು ವಿದೇಶಾಂಗ ಸಚಿವಾಲಯ 2016ರ ಡಿಸೆಂಬರ್‌ನಲ್ಲೇ ಪ್ರಕಟಿಸಿತ್ತು. ಮಗಳ ಮದುವೆಯ ಗಡಿಬಿಡಿಯಲ್ಲಿರುವ ತಾಯಂದಿರೇ, ನಿಕಾಹ್ ಪತ್ರದಲ್ಲಿ ಆಕೆಯ ಅಂಕಪಟ್ಟಿಯ ಹೆಸರೇ, ಅದೇ ಅಕ್ಷರಗಳಲ್ಲಿ ಇದೆಯೇ ಎಂದು ಒಮ್ಮೆ ನೋಡಿ. ಬಿರಿಯಾನಿಯ ಲೆಕ್ಕವನ್ನು ಹತ್ತು ಸಲ ನೋಡುತ್ತೇವಲ್ಲ!

ಆ ದಿನ ನಾನು ಹೊಸ ಅರ್ಜಿ ತೆಗೆದು ಪೆನ್ನನ್ನು ಆಕೆಯ ಕೈಗೇ ಕೊಟ್ಟೆ. ಮಗುವಿನ ತಂದೆಯ ಕಾಲಂನಲ್ಲಿ ಆಕೆ ತಂದೆಯ ಹೆಸರನ್ನೇ ಬರೆದರು. ತಲಾಕ್ ಆದದ್ದು ತಮಗೆ, ಮಗುವಿಗಲ್ಲವಲ್ಲ ಎಂದರು. ತಾಯಿಯ ಕಾಲಂನಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಶ್ರೀಮತಿಯೂ ಇಲ್ಲ, ಕುಮಾರಿಯೂ ಇಲ್ಲ. ತನ್ನ ಹೆಸರು, ಮುಂದೆ ‘ಬಿಂತ್’, ಆಮೇಲೆ ತೀರಿಹೋದ ತಂದೆಯ ಹೆಸರು. ಗುಮಾಸ್ತರು ಬಿಂತ್ ಎಂದರೇನೆಂದು ಕೇಳಿದರು. ಉತ್ತರವನ್ನು ಆಕೆಯೇ ಕೊಟ್ಟರು.