ಅಚ್ಚಿನ ಹಲ್ಲು

ಮಾಜಿವಾಡಾ ನಾಕೆಯಿಂದ ನಾಸಿಕದತ್ತ ಕೆಟ್ಟುನಿಂತ ಕಾರುಗಳನ್ನು ಎಳೆದೊಯ್ಯುವ ಪಿಕಪ್ ಗಾಡಿಗಳಿಗೆ ಕಸಾರಾ ಘಾಟವೇ ಪರೀಕ್ಷೆ. ಅಲ್ಲಿ 37ಕ್ಕೆ 1ರ ಏರು ಹತ್ತಲು ರೈಲು ಕೂಡ ಹಿಂದಿನಿಂದ ನೂಕುವ ಎಂಜಿನ್ನು ಕಟ್ಟಿಕೊಳ್ಳುತ್ತದೆ. ಪಿಕಪ್ಪಿಗೆ ಆ ಭಾಗ್ಯವಿಲ್ಲ. ಅದಕ್ಕೇ “ಹಿಂದಿನ ಅಚ್ಚಿನ ಹಲ್ಲುಚಕ್ರ ಬದಲಿಸಿರಿ” ಎಂಬ ಸಲಹೆ.

ಸಲಹೆ ಸುಳ್ಳಲ್ಲ. ಅಚ್ಚಿನ ದೊಡ್ಡ ಚಕ್ರಕ್ಕೆ 41 ಹಲ್ಲು, ಅದನ್ನು ತಿರುಗಿಸುವ ಚಿಕ್ಕದಕ್ಕೆ 11 ಇದ್ದರೆ ಪ್ರಮಾಣ 3.73. ಚಿಕ್ಕದಕ್ಕೆ 10 ಹಲ್ಲಾದರೆ 4.10, ಗಾಲಿಗೆ ಮುಟ್ಟುವ ಎಳೆತ ನೂರಕ್ಕೆ ಹತ್ತರಷ್ಟು ಹೆಚ್ಚು. ಆದರೆ ಎಂಜಿನ್ನಿನ ಬಲ ಇದ್ದಷ್ಟೇ. ಅದೇ ವೇಗಕ್ಕೆ ಅದು ನೂರಕ್ಕೆ ಹತ್ತು ಸುತ್ತು ಹೆಚ್ಚು ತಿರುಗಬೇಕು. ಸಮತಟ್ಟಿನ ಹೆದ್ದಾರಿಯಲ್ಲಿ ಡೀಜೆಲ್ಲು ಹೆಚ್ಚು ಕುಡಿಯುವದು. ಚಕ್ರಗಳನ್ನು ಜೋಡಿಯಾಗಿಯೇ ಬದಲಿಸಬೇಕು. ನಾಲ್ಕೂ ಗಾಲಿ ಎಳೆಯುವ ಗಾಡಿಗೆ ಮುಂದಿನ ಅಚ್ಚಿನಲ್ಲೂ ಅದೇ ಪ್ರಮಾಣ ಬೇಕು, ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ!

ಇನ್ನು, ಹತ್ತಿದ ಘಾಟವನ್ನು ಮರಳುವಾಗ ಇಳಿಯಬೇಕಲ್ಲವೆ? ಬ್ರೇಕು ಹಳೆಯದೇ. ಹಲ್ಲು ಬದಲಾದೊಡನೆ ಗಾಡಿಯ ಭಾರದ ಮಿತಿ ಒಂದು ಕಿಲೋ ಕೂಡ ಏರದು. ಸಾಲದ ಕಂತು ತೀರದ ಗಾಡಿಯವರಂತೂ ಇದನ್ನು ಮನೆಯಲ್ಲಿ ಕೂತೇ ಲೆಕ್ಕ ಹಾಕುವದು ಲೇಸು. ಎಳೆಯಬೇಕಾದ ಕಾರಿನ ಬರಿ ತೂಕ ಅದರ ನೋಂದಣಿ ಪತ್ರದಲ್ಲೇ ಇರುತ್ತದೆ. ಕೊಂಡಿ ಹಾಕುವ ಮುಂಚೆ ಕೇಳಿ ಓದಿರಿ.