ಬೂಟಿನ ಸದ್ದಿಗೆ ಮನಸ್ಸು ತಿರುಗೀತೆ?

2023ರ ನವೆಂಬರ್ ತಿಂಗಳಲ್ಲಿ ಕೋಲಾರ ನಗರದಲ್ಲಿ 17 ವರ್ಷದ ವಿದ್ಯಾರ್ಥಿಯೊಬ್ಬನ ಕೊಲೆ ನಡೆದು, ಆ ಪ್ರಕರಣದಲ್ಲಿ ಅಪ್ರಾಪ್ತ ವಯಸ್ಸಿನವರೇ ಪೊಲೀಸರ ವಶವಾದಾಗ, ಜಿಲ್ಲೆಯ ತಂದೆ ತಾಯಂದಿರೆಲ್ಲ ತಲ್ಲಣಿಸಿದರು. ಮಗನನ್ನು ಕಳೆದುಕೊಂಡ ಮನೆಯ ದುಃಖಕ್ಕೆ ಯಾವ ಸಮಾಧಾನವೂ ಸಾಲದು. ಅಂಥ ಸುದ್ದಿ ಬಂದಾಗಲೆಲ್ಲ ಮಾಲೂರಿನ ಬಸ್ ನಿಲ್ದಾಣದಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಕೇಳಿಬರುವ ಮಾತು ಒಂದೇ: "ಇಂಥವರನ್ನು ಮಿಲಿಟರಿಯವರ ಕೈಗೆ ಒಪ್ಪಿಸಬೇಕು. ಆರು ತಿಂಗಳು ಮೈಮುರಿದು ದುಡಿಸಿದರೆ ಬುದ್ಧಿ ತಾನಾಗಿಯೇ ಬರುತ್ತದೆ." ಈ ಮಾತಿನ ಹಿಂದಿರುವ ಆತಂಕ ನ್ಯಾಯವಾದುದೇ. ಆದರೆ ಮಾತು ನಿಜವೇ ಎಂಬುದನ್ನು ಪರಿಶೀಲಿಸಬೇಕಾಗಿದೆ.

ಈ ಪ್ರಯೋಗವನ್ನು ಅನ್ಯರು ಈಗಾಗಲೇ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ 1983ರಲ್ಲಿ 'ಬೂಟ್ ಕ್ಯಾಂಪ್' ಎಂಬ ಸೈನಿಕ ಶಿಸ್ತಿನ ಶಿಬಿರಗಳು ವಯಸ್ಕ ಕೈದಿಗಳಿಗಾಗಿ ಆರಂಭವಾದವು; ತೊಂಬತ್ತರ ದಶಕದಲ್ಲಿ ಬಾಲಾಪರಾಧಿಗಳಿಗೂ ವಿಸ್ತರಿಸಿದವು. ನಸುಕಿನ ಕವಾಯತು, ಬೋಳಿಸಿದ ತಲೆ, ಎದುರು ನಿಂತು ಗದರುವ ಅಧಿಕಾರಿ, ಇವೇ ಅಲ್ಲಿನ ಔಷಧ. ಹಲವು ಶಿಬಿರಗಳ ಫಲವನ್ನು ತುಲನೆ ಮಾಡಿ 2005ರಲ್ಲಿ ವಿದ್ವಾಂಸರು ಪ್ರಕಟಿಸಿದ ಸಮೀಕ್ಷೆಯ ತೀರ್ಮಾನ ಸ್ಪಷ್ಟವಾಗಿತ್ತು. ಶಿಬಿರಕ್ಕೆ ಹೋದವರಿಗೂ ಹೋಗದವರಿಗೂ ಮತ್ತೆ ಅಪರಾಧವೆಸಗುವ ಪ್ರಮಾಣದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2006ರ ಜನವರಿಯಲ್ಲಿ ಫ್ಲೋರಿಡಾದ ಶಿಬಿರವೊಂದಕ್ಕೆ ಸೇರಿದ 14 ವರ್ಷದ ಬಾಲಕನೊಬ್ಬ ಮೊದಲ ದಿನವೇ ಓಡುವಾಗ ಕುಸಿದು, ಕಾವಲುಗಾರರ ಬಲಪ್ರಯೋಗಕ್ಕೆ ಸಿಕ್ಕಿ, ಮರುದಿನ ಪ್ರಾಣಬಿಟ್ಟ. ಅದೇ ವರ್ಷ ಆ ರಾಜ್ಯ ಇಂಥ ಶಿಬಿರಗಳನ್ನು ಮುಚ್ಚಿತು.

ಇಂಗ್ಲೆಂಡಿನ ಅನುಭವ ಇನ್ನೂ ಬೋಧಪ್ರದ. ಅಲ್ಲಿ ಕೋಲ್ಚೆಸ್ಟರಿನ ಸೈನಿಕ ಕೇಂದ್ರದಲ್ಲಿ 1997ರಲ್ಲಿ ತೆರೆದ ಶಿಬಿರ ಮರುವರ್ಷವೇ ಮುಚ್ಚಿಹೋಯಿತು. ಥಾರ್ನ್ ಕ್ರಾಸ್ ಎಂಬಲ್ಲಿ ಕವಾಯತಿನ ಜೊತೆಗೆ ಓದು, ಕಸುಬು, ಆಪ್ತ ಸಮಾಲೋಚನೆ ಮತ್ತು ಉದ್ಯೋಗದ ಸಿದ್ಧತೆಗಳನ್ನು ಸೇರಿಸಿದ್ದರಿಂದ ಫಲ ತಕ್ಕಮಟ್ಟಿಗೆ ಉತ್ತಮವಾಗಿತ್ತು. ಹುಡುಗರನ್ನು ತಿದ್ದಿದ್ದು ಬೂಟೋ ಪುಸ್ತಕವೋ ಎಂಬುದನ್ನು ಓದುಗರೇ ಊಹಿಸಬಹುದು.

ಕಾರಣವೂ ನಿಗೂಢವಲ್ಲ. ಭಯದಿಂದ ಬಂದ ವಿಧೇಯತೆ ಭಯವಿರುವವರೆಗೆ ಮಾತ್ರ ಉಳಿಯುತ್ತದೆ. ಶಿಬಿರ ಮುಗಿದ ದಿನ ಹುಡುಗ ಮರಳುವುದು ಅದೇ ಓಣಿಗೆ, ಅದೇ ಗೆಳೆಯರ ಬಳಿಗೆ, ಅದೇ ಕುಡಿತದ ಮನೆಗೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಟೊಮೆಟೊ ಮಾರುಕಟ್ಟೆಯಲ್ಲಿ ಕ್ರೇಟು ಹೊರುವವನಿಗೆ, ಹೆದ್ದಾರಿಯಲ್ಲಿ ಬೈಕಿನ ಮುಂಗಾಲಿ ಎತ್ತಿ ಮೆರೆಯುವುದೇ ಹಿರಿಮೆಯೆಂದು ತಿಳಿದವನಿಗೆ, ಮೈ ಬಲಿತ ಮಾತ್ರಕ್ಕೆ ದಾರಿ ಬದಲಾಗುವುದೆ? ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಎನ್.ಸಿ.ಸಿ.ಯ ಕವಾಯತಿನಿಂದ ಎಷ್ಟೋ ಮಕ್ಕಳು ಬೆಳೆದಿದ್ದಾರೆ. ಆದರೆ ಅಲ್ಲಿಗೆ ಮಗು ಇಷ್ಟಪಟ್ಟು ಹೋಗುತ್ತದೆ, ಅಭಿಮಾನದಿಂದ ಮರಳುತ್ತದೆ. ಅವಮಾನದಿಂದ ಕಲಿಸುವ ಶಿಸ್ತು ಅವಮಾನಿಸುವುದನ್ನೇ ಕಲಿಸುತ್ತದೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ವಿವೇಕದ ಹಾದಿ ಹಿಡಿದಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಯೊಳಗೆ ಇಡುವುದು ಕೊನೆಯ ಮಾರ್ಗ. ಬುದ್ಧಿವಾದ, ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆಯಲ್ಲಿ ಮನೆಗೆ ಕಳುಹಿಸುವುದು, ಅಗತ್ಯವಾದರೆ ಗರಿಷ್ಠ 3 ವರ್ಷ ವಿಶೇಷ ಗೃಹ, ಹೀಗೆ ಬಾಲನ್ಯಾಯ ಮಂಡಳಿಯ ಮುಂದೆ ಹಲವು ದಾರಿಗಳಿವೆ. ಘೋರ ಅಪರಾಧವೆಸಗಿದ 16ರಿಂದ 18 ವರ್ಷದವರನ್ನು ವಯಸ್ಕರಂತೆ ವಿಚಾರಿಸಲೂ ಅವಕಾಶವಿದೆ. ಆದ್ದರಿಂದ ಕಾನೂನು ಕೈಕಟ್ಟಿ ಕುಳಿತಿದೆ ಎಂಬ ದೂರು ಸಲ್ಲದು. ಕೊರತೆಯಿರುವುದು ಮಂಡಳಿಯಿಂದ ಹೊರಬಂದ ಹುಡುಗನ ಜೊತೆ ನಡೆಯುವ ಜನರದು.

ಸಂತ ಜಾನ್ ಬೋಸ್ಕೊ ಅವರ ಜೀವನದ ಪ್ರಸಂಗವೊಂದನ್ನು ಸಲೇಷಿಯನ್ ಸಭೆಯವರು ಇಂದಿಗೂ ಸ್ಮರಿಸುತ್ತಾರೆ. 1855ರಲ್ಲಿ ಟ್ಯೂರಿನ್ ನಗರದ ಬಾಲಾಪರಾಧಿಗಳ ಬಂದೀಖಾನೆಯ ಹುಡುಗರನ್ನು ಕಾವಲುಗಾರರಿಲ್ಲದೆ ಅವರು ಒಂದು ದಿನ ಊರ ಹೊರಗೆ ವಿಹಾರಕ್ಕೆ ಕರೆದೊಯ್ದರಂತೆ. ಸಂಜೆ ಒಬ್ಬನೂ ತಪ್ಪಿಸಿಕೊಳ್ಳದೆ ಎಲ್ಲರೂ ಮರಳಿದರಂತೆ. ವಿವೇಕ, ಧರ್ಮಶ್ರದ್ಧೆ, ಅಕ್ಕರೆ ಎಂಬ ಮೂರು ಕಂಬಗಳ ಮೇಲೆ ಅವರು ಶಿಕ್ಷಣ ಪದ್ಧತಿಯೊಂದನ್ನು ಕಟ್ಟಿದರು. ಅವರ ಸಭೆಯವರು 1980ರಲ್ಲಿ ಬೆಂಗಳೂರಿನ ಬೀದಿ ಮಕ್ಕಳಿಗಾಗಿ ಆರಂಭಿಸಿದ 'ಬಾಸ್ಕೊ' ಸಂಸ್ಥೆ ಆ ಪದ್ಧತಿಯದೇ ಫಲ.

ಆದರೆ ನಮ್ಮ ಮನೆಗಳು ಏನು ಮಾಡುತ್ತಿವೆ? ನೆರೆಮನೆಯ ಹುಡುಗನ ಮೇಲೆ ಪ್ರಕರಣ ದಾಖಲಾದರೆ ಅವನ ಹೆಸರನ್ನು ಓಣಿಯುದ್ದಕ್ಕೂ ಸಾರುತ್ತೇವೆ. ಮಗುವಿನ ಗುರುತು ಪ್ರಕಟಿಸುವುದನ್ನು ಕಾನೂನು ನಿಷೇಧಿಸಿದೆ ಎಂಬುದನ್ನು ಮರೆಯುತ್ತೇವೆ. ಅವನ ತಾಯಿ ದೇವಾಲಯಕ್ಕೆ ಬಂದರೆ ಪಕ್ಕದ ಬೆಂಚಿಗೆ ಸರಿಯುತ್ತೇವೆ. ಗ್ಯಾರೇಜು, ಹಂಚಿನ ಕಾರ್ಖಾನೆ, ಅಂಗಡಿಗಳನ್ನು ನಡೆಸುವ ನಮ್ಮವರು ಅಂಥವನಿಗೆ ಕೆಲಸ ಕೊಡಲು ಹಿಂಜರಿಯುತ್ತಾರೆ. ದುಂದುಗಾರ ಮಗನ ಸಾಮತಿಯನ್ನು ಕಣ್ಣೊರೆಸಿಕೊಂಡು ಕೇಳುವ ನಾವು, ಮನೆಗೆ ಬಂದಾಗ ಆ ಕಥೆಯ ಹಿರಿಯ ಮಗನಾಗಿಬಿಡುತ್ತೇವೆ.

ಪ್ರತಿ ಧರ್ಮಕೇಂದ್ರದಲ್ಲಿಯೂ ನಿವೃತ್ತ ಶಿಕ್ಷಕರಿದ್ದಾರೆ, ಕಸುಬು ಬಲ್ಲವರಿದ್ದಾರೆ, ಉತ್ಸಾಹಿ ಯುವಕರಿದ್ದಾರೆ. ಇವರಲ್ಲಿ ಒಬ್ಬರು ಒಬ್ಬ ಹುಡುಗನ ಹೊಣೆ ಹೊತ್ತರೆ, ವಾರಕ್ಕೊಮ್ಮೆ ಅವನ ಮನೆಗೆ ಹೋಗಿ ಕುಳಿತು ಮಾತನಾಡಿದರೆ, ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿಸಿದರೆ, ಅದು ಯಾವ ಶಿಬಿರಕ್ಕೂ ಕಡಿಮೆಯಲ್ಲ. ನೊಂದ ಕುಟುಂಬವನ್ನೂ ಮರೆಯಬಾರದು. ಅವರ ಮನೆಯ ಬಾಗಿಲಿಗೂ ನಮ್ಮ ಕಾಲು ನಡೆಯಬೇಕು. ಹುಡುಗನಿಗೆ ತಾನು ಮಾಡಿದ ತಪ್ಪಿನ ಭಾರ ಅರಿವಾಗುವುದು, ತಾನು ನೋಯಿಸಿದ್ದು ಯಾರನ್ನೆಂಬುದು ತಿಳಿದಾಗಲೇ.

"ಮಿಲಿಟರಿಯವರ ಕೈಗೆ ಒಪ್ಪಿಸಿ" ಎನ್ನುವುದು ಸುಲಭ, ಏಕೆಂದರೆ ಆಗ ನಮ್ಮ ಕೈ ಖಾಲಿಯಾಗುತ್ತದೆ. ಆದರೆ ಆ ಮಕ್ಕಳು ನಮ್ಮ ಓಣಿಯವರು, ಮರಳುವುದೂ ನಮ್ಮ ಓಣಿಗೇ. ಅಲ್ಲಿ ಅವರಿಗಾಗಿ ತೆರೆದ ಬಾಗಿಲೊಂದಿರಬೇಕು.