ವೀಸಾ ಇಲ್ಲದ ಉದ್ಘಾಟನೆ

2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಗೊಂಡಿತು. ವಿದೇಶಾಂಗ ಸಚಿವ ಎಸ್. ಜೈಶಂಕರ್, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಉಪಸ್ಥಿತರಿದ್ದರು. ಆದರೆ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ, ಪಂಚತಾರಾ ಹೋಟೆಲೊಂದರಲ್ಲಿ ತಾತ್ಕಾಲಿಕ ನೆಲೆಯಷ್ಟೇ. ವೀಸಾ ಸೇವೆಯೂ ಅಂದು ಆರಂಭವಾಗಲಿಲ್ಲ. ಹೀಗಾದರೆ ಉದ್ಘಾಟನೆಗೊಂಡದ್ದಾದರೂ ಏನು?

ವೀಸಾ ಸಂದರ್ಶನಕ್ಕಾಗಿ ಚೆನ್ನೈ, ಹೈದರಾಬಾದ್‌ಗಳಿಗೆ ಅಲೆಯುತ್ತಿದ್ದ ವಿದ್ಯಾರ್ಥಿಗಳೂ ಮಕ್ಕಳನ್ನು ಕಾಣಹೊರಟ ವೃದ್ಧ ತಂದೆತಾಯಿಗಳೂ ಸಮಾರಂಭದ ಮರುದಿನವೂ ಅದೇ ರೈಲನ್ನು ಹತ್ತಬೇಕಾಯಿತು. ಗಡಿಯಂಚಿನ ಕೊಕಟನೂರಿನವರ ಪಾಡು ಬೇರೆಯೇ. ಅವರಿಗೆ ಬೆಂಗಳೂರಿಗಿಂತ ಮುಂಬೈಯೇ ಹತ್ತಿರ. ರಾಜಧಾನಿಯ ಸಂಭ್ರಮ ಅವರಿಗೆ ಪತ್ರಿಕೆಯ ಚಿತ್ರ ಮಾತ್ರ.

ಕಾನ್ಸುಲೇಟನ್ನು ನಾವು ವಿರೋಧಿಸುವವರಲ್ಲ. 2023ರ ಜೂನ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಇದರ ಘೋಷಣೆಯಾದಾಗ ನಾಡಿನ ಜನ ಹರ್ಷಿಸಿದ್ದು ವ್ಯಾಪಾರ ಒಪ್ಪಂದಗಳಿಗಾಗಿ ಅಲ್ಲ, ವೀಸಾಕ್ಕಾಗಿ. ಅದಕ್ಕೊಂದು ದಿನಾಂಕವನ್ನು ಪಡೆಯದೆ ನಮ್ಮ ನಾಯಕರು ಚಪ್ಪಾಳೆ ತಟ್ಟಿದ್ದೇಕೆ?